ಬಾಗಿಲು ತೆರೆದಿದೆ, ಮೆಟ್ಟಿಲು ಕಟ್ಟುವವರು ಯಾರು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೆ ಹೆಚ್ಚಾಗಿ ನೆನಪಾಗುವುದು ದೇವಸ್ಥಾನದಲ್ಲಲ್ಲ, ಕಂಪ್ಯೂಟರಿನ ಮುಂದೆ. ಪ್ರೋಗ್ರಾಂ ಬರೆಯುವವರು ದಿನವೂ ಬಳಸುವ ಸಲಕರಣೆಗಳಲ್ಲಿ ಎಷ್ಟೋ ಈಗ ಓಪನ್ ಸೋರ್ಸ್. ದುಡ್ಡು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಒಳಗಿನ ಕೋಡನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಲೈಸೆನ್ಸ್ ಎಂಬ ದೇವರು ವರ ಕೊಟ್ಟಾಗಿದೆ. ಆದರೆ ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಹೋದವರು ಎಷ್ಟೋ ಸಲ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಸೂಚನೆಗಳೆಲ್ಲ ಲಿನಕ್ಸ್‌ಗೆಂದು ಬರೆದವು. ಅವರ ಕೈಯಲ್ಲಿರುವುದು ವಿಂಡೋಸ್. ಹೀಗೆ ನಿಂತವರ ಪಾಲಿಗೆ ಆ ಸಲಕರಣೆ ಮುಕ್ತವೇ? ಅವರನ್ನು ಒಳಗೆ ಕರೆದುಕೊಳ್ಳುವ ಹೊಣೆ ಯಾರಿಗಾದರೂ ಇದೆಯೇ?

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಅದರಿಂದ ಬೆಳೆದ ಮುಕ್ತ ತಂತ್ರಾಂಶ ಚಳವಳಿ ನಾಲ್ಕು ಸ್ವಾತಂತ್ರ್ಯಗಳನ್ನು ಎಣಿಸುತ್ತದೆ, ಅದೂ ಸೊನ್ನೆಯಿಂದ. ಸೊನ್ನೆಯದು, ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಓಡಿಸುವ ಸ್ವಾತಂತ್ರ್ಯ. ಇಲ್ಲೊಂದು ಸೂಕ್ಷ್ಮವಿದೆ. ಓಡಿಸಬೇಡ ಎಂದು ಯಾರೂ ತಡೆಯುವಂತಿಲ್ಲ ಎಂಬುದಷ್ಟೇ ಇದರ ಅರ್ಥ. ನಿನ್ನ ಯಂತ್ರದಲ್ಲಿ ಅದು ಓಡುತ್ತದೆ ಎಂಬ ಭರವಸೆ ಇದರಲ್ಲಿಲ್ಲ. ತಡೆಯದೆ ಇರುವುದು ಬೇರೆ, ಆಗುವಂತೆ ಮಾಡುವುದು ಬೇರೆ. ಊರ ಕೆರೆಯ ನೀರು ಎಲ್ಲರದು ಎಂದು ಸಾರಿ, ಇಳಿಯಲು ಸೋಪಾನ ಕಟ್ಟದಿದ್ದರೆ ನೀರು ಕೆಲವರದ್ದೇ ಆಗಿ ಉಳಿಯುತ್ತದೆ.

ಈ ಅಡ್ಡಿಗಳನ್ನು ಯಾರೂ ಬೇಕೆಂದು ಇಟ್ಟಿದ್ದಲ್ಲ. ಗಿಟ್ ಎಂಬ ಸಲಕರಣೆಯನ್ನೇ ನೋಡಿ. ಕೋಡಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕವಿಡುವ ಇದನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್ಲಿನ ಕೆಲಸಕ್ಕಾಗಿ ಬರೆದರು. ತಮ್ಮ ಮನೆಯ ಅಡುಗೆಗೆ ಮಾಡಿಕೊಂಡ ಪಾತ್ರೆ ಅದು. ಮೊದಮೊದಲು ಅದರ ಎಷ್ಟೋ ಭಾಗಗಳು ಶೆಲ್ ಮತ್ತು ಪರ್ಲ್ ಸ್ಕ್ರಿಪ್ಟುಗಳಾಗಿದ್ದವು. ವಿಂಡೋಸ್ ಜೊತೆ ಇವೆರಡೂ ಬರುತ್ತಿರಲಿಲ್ಲ. ಹಾಗಾಗಿ ವಿಂಡೋಸ್‌ಗೆ ಬರುವ ಗಿಟ್ ಇವತ್ತಿಗೂ ಯುನಿಕ್ಸಿನ ಒಂದು ಪುಟ್ಟ ಸಂಸಾರವನ್ನೇ ಗಂಟುಕಟ್ಟಿಕೊಂಡು ಬರುತ್ತದೆ.

ಇನ್ನೂ ಸಣ್ಣ ಕಲ್ಲುಗಳಿವೆ. ಸಾಲು ಮುಗಿಯಿತು ಎನ್ನಲು ಯುನಿಕ್ಸ್ ಒಂದು ಗುರುತು ಬಳಸಿದರೆ ವಿಂಡೋಸ್ ಎರಡು ಬಳಸುತ್ತದೆ. ಹಳೆಯ ಟೆಲಿಪ್ರಿಂಟರ್ ಯಂತ್ರದಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ತರುವುದು ಒಂದು ಕೆಲಸ, ಕಾಗದವನ್ನು ಮೇಲೆ ಸರಿಸುವುದು ಇನ್ನೊಂದು. ಆ ನೆನಪು ಈಗಲೂ ಫೈಲುಗಳಲ್ಲಿ ಉಳಿದಿದೆ. ಕಣ್ಣಿಗೆ ಎರಡೂ ಫೈಲು ಒಂದೇ, ಆದರೆ ವಿಂಡೋಸ್ ರೀತಿಯಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಮುಗ್ಗರಿಸುತ್ತದೆ. ‘ಆಕ್ಸ್’, ‘ಕಾನ್’, ‘ನಲ್’ ಎಂಬ ಹೆಸರುಗಳು ಡಾಸ್ ಕಾಲದಿಂದ ವಿಂಡೋಸ್‌ನಲ್ಲಿ ಸಾಧನಗಳಿಗೆ ಮೀಸಲು. ಲಿನಕ್ಸ್ ಕರ್ನೆಲ್ಲಿನಲ್ಲೋ ‘ಆಕ್ಸ್’ ಹೆಸರಿನ ಫೈಲೇ ಇದೆ; ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದಲ್ಲಷ್ಟೇ ವ್ಯತ್ಯಾಸವಿರುವ ಜೋಡಿ ಫೈಲುಗಳೂ ಇವೆ. ವಿಂಡೋಸ್‌ನ ಸಾಮಾನ್ಯ ಫೋಲ್ಡರಿಗೆ ಇಂಥ ಜೋಡಿ ಒಂದೇ ಹೆಸರಿನಂತೆ ಕಾಣುತ್ತದೆ.

ಕನ್ನಡಿಗರಿಗೆ ಒಂದು ಮೆಟ್ಟಿಲು ಹೆಚ್ಚೇ. ಫೈಲಿನ ಹೆಸರನ್ನು ‘ಕ’ ಎಂದು ಇಟ್ಟು ಗಿಟ್ ಅನ್ನು ಕೇಳಿ. ಸೆಟ್ಟಿಂಗ್ ಬದಲಿಸದಿದ್ದರೆ ಅದು ‘ಕ’ ಎನ್ನುವುದಿಲ್ಲ, \340\262\225 ಎನ್ನುತ್ತದೆ. ನಮ್ಮ ಒಂದು ಅಕ್ಷರ ಕಂಪ್ಯೂಟರಿನೊಳಗೆ ಮೂರು ಬೈಟುಗಳಾಗಿ ಕೂತಿರುವುದರ ಲೆಕ್ಕ ಅದು. ಒಂದು ಸೆಟ್ಟಿಂಗ್ ಬದಲಿಸಿದರೆ ಅಕ್ಷರ ಮರಳುತ್ತದೆ. ಆದರೆ ಹಾಗೊಂದು ಸೆಟ್ಟಿಂಗ್ ಇದೆ ಎಂದು ಹೊಸಬರಿಗೆ ಹೇಳುವವರು ಯಾರು? ನಾನು ಬಿಡುವಿನಲ್ಲಿ ಪಾಠ ಹೇಳುವ ಹುಡುಗ ಹುಡುಗಿಯರಲ್ಲಿ ಒಬ್ಬಳು ಲ್ಯಾಪ್‌ಟಾಪಿನ ಖಾತೆಗೆ ತನ್ನ ಹೆಸರು, ಅಪ್ಪನ ಹೆಸರು, ನಡುವೆ ಒಂದು ಖಾಲಿ ಜಾಗ ಕೊಟ್ಟಿದ್ದಳು. ಒಂದು ಸಲಕರಣೆ ಆ ಖಾಲಿ ಜಾಗವನ್ನು ದಾಟಲಾರದೆ ಕೈಚೆಲ್ಲಿತು. ಪರದೆಯ ಮೇಲಿನ ಕೆಂಪು ಸಾಲುಗಳನ್ನು ನೋಡಿ ಅವಳು ಕೇಳಿದ್ದು ಇಷ್ಟೇ: “ಸರ್, ನನಗೆ ಪ್ರೋಗ್ರಾಮಿಂಗ್ ಬರೋಲ್ವಾ?” ಅವಳಿನ್ನೂ ಒಂದು ಸಾಲು ಪ್ರೋಗ್ರಾಂ ಕೂಡ ಬರೆದಿರಲಿಲ್ಲ. ಇಲ್ಲಿ ಪಣಕ್ಕಿರುವುದು ಬರೀ ಅನುಕೂಲವಲ್ಲ. ಅಡ್ಡಿ ಯಂತ್ರದ್ದು, ಆದರೆ ಅದನ್ನು ಮನುಷ್ಯರು ತಮ್ಮ ಯೋಗ್ಯತೆಯ ತೀರ್ಪು ಎಂದು ಓದಿಕೊಳ್ಳುತ್ತಾರೆ.

ಹಾಗೆಂದು ಬರೆದವರನ್ನು ಬೈಯಬಹುದೇ? ಅವರ ವಾದ ಬಲವಾದದ್ದು. ಬಹುತೇಕ ಲೈಸೆನ್ಸುಗಳು ಸ್ಪಷ್ಟವಾಗಿ ಹೇಳುತ್ತವೆ: ಇದ್ದದ್ದನ್ನು ಇದ್ದಂತೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ. ರಾತ್ರಿ ನಿದ್ದೆಗೆಟ್ಟು ಪುಕ್ಕಟೆ ಬರೆದುಕೊಟ್ಟವರ ಮೇಲೆ ಇನ್ನಷ್ಟು ಹೊರಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಗ್ನೂ ಯೋಜನೆಯ ಕೋಡಿಂಗ್ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಯುನಿಕ್ಸಿನಂತಲ್ಲದ ವ್ಯವಸ್ಥೆಗಳಿಗೆ ಹೊಂದಿಸುವುದು ಬಹಳ ಕೆಲಸವಾಗುವುದಾದರೆ, ಆ ಸಮಯವನ್ನು ಮುಕ್ತ ವ್ಯವಸ್ಥೆಗಳಿಗೆ ಉಪಯೋಗವಾಗುವ ಕೆಲಸಕ್ಕೆ ಹಾಕಿ ಎನ್ನುತ್ತದೆ. ಪಂಜರದೊಳಗೆ ಒಳ್ಳೆಯ ಹಣ್ಣು ಇಡುತ್ತಾ ಹೋದರೆ ಹಕ್ಕಿ ಹೊರಗೆ ಬರುವುದೇಕೆ ಎಂಬ ತರ್ಕ.

ಈ ತರ್ಕವನ್ನು ನಾನು ಗೌರವಿಸುತ್ತೇನೆ, ಪೂರ್ತಿ ಒಪ್ಪಲಾರೆ. ಯಾವ ವ್ಯವಸ್ಥೆ ಬಳಸಬೇಕು ಎಂಬ ಆಯ್ಕೆ ಎಷ್ಟೋ ಜನರ ಕೈಯಲ್ಲೇ ಇಲ್ಲ. ಅಂಗಡಿಯವನು ಹಾಕಿಕೊಟ್ಟದ್ದು, ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು, ಅಣ್ಣ ಬಳಸಿ ಬಿಟ್ಟದ್ದು. ಆಯ್ಕೆಯೇ ಇಲ್ಲದವರನ್ನು ಆಯ್ಕೆ ತಪ್ಪಾಯಿತೆಂದು ಹೊರಗಿಡುವುದು ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯಬಾರದು. ಕಷ್ಟಪಟ್ಟರೆ ತಾನೆ ಕಲಿಯುವುದು ಎನ್ನುವವರೂ ಇದ್ದಾರೆ. ಕಲಿಕೆಯೊಳಗಿನ ಕಷ್ಟ ಬೇರೆ, ಕಲಿಕೆಯ ದಾರಿಗೆ ಅಡ್ಡ ಬಿದ್ದ ಕಷ್ಟ ಬೇರೆ. ಈಜು ಕಲಿಯುವವರಿಗೆ ನೀರಿನ ಭಯ ಇರಲಿ, ಬಾವಿಯ ಸುತ್ತ ಮುಳ್ಳು ಏಕೆ?

ಹಾಗಾದರೆ ಹೊಣೆ ಯಾರದು? ದಾನ ಕೊಡಲೇಬೇಕೆಂದು ಯಾರನ್ನೂ ಕಟ್ಟಿಹಾಕಲಾಗದು. ಆದರೆ ಊಟಕ್ಕೆ ಎಲ್ಲರೂ ಬನ್ನಿ ಎಂದು ಕೂಗಿದ ಮೇಲೆ ಎಷ್ಟು ಎಲೆ ಹಾಕಿದೆ ಎಂದು ಹೇಳುವುದು ಕೂಗಿದವರ ಧರ್ಮ. “ಇದನ್ನು ಲಿನಕ್ಸ್‌ನಲ್ಲಿ ಮಾತ್ರ ಪರೀಕ್ಷಿಸಿದ್ದೇವೆ” ಎಂಬ ಒಂದು ಸಾಲು ಸಾಕು. ಎಲ್ಲ ಕಡೆ ಓಡುತ್ತದೆ ಎಂದು ಬರೆದು, ಓಡುವುದೋ ಇಲ್ಲವೋ ನೋಡದೆ ಇರುವುದು ಸೋಮಾರಿತನವಲ್ಲ, ಸುಳ್ಳು. ಬರೆದವರಿಂದ ನಾವು ನ್ಯಾಯವಾಗಿ ಕೇಳಬಹುದಾದದ್ದು ಶ್ರಮವನ್ನಲ್ಲ, ಈ ಸತ್ಯವನ್ನು.

ಶ್ರಮದ ಪಾಲು ಬೇರೆಯವರದು, ಈಗಷ್ಟೇ ಹೊಸ್ತಿಲು ದಾಟಿದವರದು. ಬರೆದವರಿಗೆ ಆ ಕಲ್ಲು ಕಾಣುವುದೇ ಇಲ್ಲ, ಅವರ ಮನೆಯಲ್ಲಿ ಅದು ಇಲ್ಲವಲ್ಲ. ದಾಟಿ ವರ್ಷಗಳಾದವರು ಎಡವಿದ್ದನ್ನೇ ಮರೆತಿರುತ್ತಾರೆ. ನಿನ್ನೆ ಎಡವಿದವರಿಗೆ ಮಾತ್ರ ಕಲ್ಲು ಎಲ್ಲಿದೆ ಎಂದು ಗೊತ್ತು, ಆ ತಿಳಿವಳಿಕೆಗೆ ಆಯುಷ್ಯವೂ ಕಡಿಮೆ. ನಾಲ್ಕು ಸಾಲಿನ ಸೂಚನೆಯನ್ನೋ ಒಂದು ತಿದ್ದುಪಡಿಯನ್ನೋ ಬರೆದು ಕಳಿಸುವುದಕ್ಕೆ ಅದೇ ಸಮಯ. ಇದರಲ್ಲೂ ಒಂದು ಕಟ್ಟುಪಾಡು ಬೇಕು. ವಿಂಡೋಸ್‌ಗೆ ಹೊಂದಿಸಿ ತಿದ್ದುಪಡಿ ಕಳಿಸಿ ಮಾಯವಾದರೆ, ಮುಂದೆ ಅದು ಕೆಟ್ಟಾಗ ನೋಡಿಕೊಳ್ಳುವ ಭಾರ ವಿಂಡೋಸನ್ನೇ ಮುಟ್ಟದವರ ಮೇಲೆ ಬೀಳುತ್ತದೆ. ಮೆಟ್ಟಿಲು ಕಟ್ಟಿದವರು ಒಂದೆರಡು ಮಳೆಗಾಲವಾದರೂ ಅದರ ಬಳಿ ಇರಬೇಕು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಸುಲಭವಿತ್ತು, ಆ ಖಾಲಿ ಜಾಗಕ್ಕೂ ಒಂದು ದಾರಿ ಸಿಕ್ಕಿತು. ಅವಳು ಆ ದಾರಿಯನ್ನು ಕನ್ನಡದಲ್ಲಿ ಒಂದು ಪುಟ ಬರೆದಳು. ಮುಂದಿನ ತಂಡದವರು ಅದನ್ನು ಓದಿಯೇ ಶುರುಮಾಡುತ್ತಾರೆ. ಈಗ ಆ ಪುಟಕ್ಕೆ ಮ್ಯಾಕ್ ಇಟ್ಟುಕೊಂಡಿರುವ ಒಬ್ಬ ಹುಡುಗ ಎರಡು ಸಾಲು ಸೇರಿಸಿದ್ದಾನೆ.