ಬೋರ್ಡಿನ ಮೇಲಿನ ಹೆಸರು

ವರದಮೂಲದ ಕಡೆ ಒಂದು ಅಡಿಕೆ ತೋಟದ ಮನೆ. ಅದರ ಅಂಗಳಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ, ಟ್ರಸ್ ಕೂರಿಸಿ, ಶೀಟು ಹೊದಿಸಿ ಒಂಬತ್ತು ವರ್ಷವಾಗಿತ್ತು. ಹೋದ ಮಳೆಗಾಲದ ಒಂದು ರಾತ್ರಿ ಬೀಸಿದ ಗಾಳಿಗೆ ಅದರ ಒಂದು ಮೂಲೆ ಕುಸಿಯಿತು. ಅಲ್ಲಾಹನ ದಯೆಯಿಂದ ಕೆಳಗೆ ಯಾರೂ ಇರಲಿಲ್ಲ. ಬೆಳಗ್ಗೆ ನೋಡಿದರೆ ಕಬ್ಬಿಣ ಮುರಿದಿರಲಿಲ್ಲ, ಬೆಸುಗೆ ಬಿಟ್ಟಿತ್ತು. ಕೆಲಸ ಮಾಡಿದವರು ತೀರಿಕೊಂಡು ಮೂರು ವರ್ಷ. ಈಗ ವರ್ಕ್‌ಶಾಪ್ ನಡೆಸುತ್ತಿರುವವರು ಅವರ ಇಬ್ಬರು ಗಂಡುಮಕ್ಕಳು. ಕಿರಿಯವನು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ.

"ಹಜರತ್, ಅಬ್ಬಾ ಮಾಡಿದ ಕೆಲಸಕ್ಕೆ ನಾವು ಜವಾಬ್ದಾರರಾ? ಭಾಯಿ ಅಲ್ಲ ಅಂತಾನೆ. ಬಿಲ್ಲಿಲ್ಲ, ಗ್ಯಾರಂಟಿ ಬರೆದುಕೊಟ್ಟಿಲ್ಲ. ತೋಟದ ಯಜಮಾನರು ಜಗಳಕ್ಕೂ ಬಂದಿಲ್ಲ. 'ನಿಮ್ಮಪ್ಪ ಇದ್ದಿದ್ರೆ ಬರ್ತಿದ್ರು' ಅಂತ ಹೇಳಿ ಸುಮ್ಮನಾದರು."

ಆ ಒಂದು ಮಾತು ಅವನ ನಿದ್ದೆ ಕೆಡಿಸಿತ್ತು.

ಅಣ್ಣನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಬ್ಬನ ಭಾರವನ್ನು ಇನ್ನೊಬ್ಬನು ಹೊರಲಾರನೆಂಬುದು ಪವಿತ್ರ ಕುರ್‌ಆನ್ ಸೂರಃ ಅನ್‌ಆಮ್‌ನಲ್ಲಿ ಸಾರುವ ತತ್ವ. ತಂದೆಯ ತಪ್ಪಿಗೆ ಮಗ ಅಪರಾಧಿಯಲ್ಲ. ಆದರೆ ಸೂರಃ ನಿಸಾ ಇನ್ನೊಂದು ವಿಷಯ ತಿಳಿಸುತ್ತದೆ: ಮೃತನ ಸೊತ್ತು ವಾರೀಸುದಾರರಿಗೆ ಹಂಚಿಕೆಯಾಗುವುದು ಅವನ ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆ. ಜನಾಝಾ ನಮಾಝಿಗೆ ನಿಲ್ಲುವ ಮುನ್ನ ಪ್ರವಾದಿವರ್ಯರು(ಸ) ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಅಂಥ ಒಂದು ಸಂದರ್ಭದಲ್ಲಿ ಅಬೂ ಖತಾದಾ(ರ) ಆ ಸಾಲವನ್ನು ತಾವು ವಹಿಸಿಕೊಂಡರು. ಅವರು ಮೃತನ ಮಗನೂ ಆಗಿರಲಿಲ್ಲ.

ಹಾಗಾದರೆ ಕೆಟ್ಟ ಬೆಸುಗೆ ಸಾಲವೇ?

ಬೆಸುಗೆಯ ಕೆಲಸದ ಬಗ್ಗೆ ಆ ಹುಡುಗನಿಂದಲೇ ತಿಳಿದುಕೊಂಡೆ. ವೆಲ್ಡಿಂಗ್ ಮಾಡಿದಾಗ ಮೇಲೆ ಸ್ಲ್ಯಾಗಿನ ಪದರ ಕಟ್ಟುತ್ತದೆ. ಸುತ್ತಿಗೆಯಿಂದ ಬಡಿದು ಅದನ್ನು ಉದುರಿಸಿದರೆ ಮಾತ್ರ ಬೆಸುಗೆ ಕೂಡಿದೆಯೋ ಇಲ್ಲವೋ ಕಾಣಿಸುತ್ತದೆ. ಹಾಗೆಯೇ ಬಿಟ್ಟು ರೆಡ್ ಆಕ್ಸೈಡ್ ಬಳಿದರೆ ಒಳಗಿನದು ದೇವರಿಗೇ ಗೊತ್ತು. ಮಲೆನಾಡಿನ ಮಳೆಗಾಲದಲ್ಲಿ ವೆಲ್ಡಿಂಗ್ ರಾಡುಗಳು ತೇವ ಹಿಡಿಯುತ್ತವೆ. ಒಣಗಿಸದೆ ಬಳಸಿದರೆ ಬೆಸುಗೆಯೊಳಗೆ ಸಣ್ಣ ಸಣ್ಣ ತೂತುಗಳಾಗುತ್ತವೆ. ಇದನ್ನು ಕೇಳುವಾಗ ನನಗೆ ನೆನಪಾದದ್ದು ಮದೀನಾದ ಪೇಟೆಯ ಆ ಧಾನ್ಯದ ರಾಶಿ. ಪ್ರವಾದಿವರ್ಯರು(ಸ) ಅದರೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಮಳೆ ಬಂದದ್ದು ಅವನ ತಪ್ಪಲ್ಲ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡದೆ ಒಳಗೆ ಮುಚ್ಚಿಟ್ಟದ್ದು ತಪ್ಪು.

ಆ ತಂದೆ ಬೇಕೆಂದೇ ಮುಚ್ಚಿಟ್ಟರೆಂದು ನಾನು ಹೇಳಲಾರೆ. ಅವಸರವಿತ್ತೋ, ಕೆಲಸದಾಳು ಮಾಡಿದ್ದೋ. ಮೃತರ ಬಗ್ಗೆ ಒಳ್ಳೆಯದನ್ನೇ ಭಾವಿಸೋಣ. ಆದರೆ ಗಟ್ಟಿ ಕೆಲಸಕ್ಕೆಂದು ಹಣ ಪಡೆದಿದ್ದರು, ಕೊಟ್ಟದ್ದು ಗಟ್ಟಿಯಾಗಿರಲಿಲ್ಲ. ಆ ಮಟ್ಟಿಗೆ ಅದು ಸಾಲವೆಂದೇ ನನ್ನ ಅಭಿಪ್ರಾಯ. ಇದು ಫತ್ವಾ ಅಲ್ಲ. ಫತ್ವಾ ಕೊಡುವಷ್ಟು ದೊಡ್ಡವನೂ ನಾನಲ್ಲ.

ಕಬ್ಬಿಣದ ಕೆಲಸದ ಸ್ವಭಾವವೇ ಹಾಗೆ, ಅದು ಮಾಡಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜರ ಹೆಸರನ್ನು ಓದುಗರು ಕೇಳಿರಬಹುದು. ಮಂಡ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1973ರಲ್ಲಿ ಪದವಿ ಪಡೆದು, ಊರಿನಲ್ಲೇ ವರ್ಕ್‌ಶಾಪ್ ತೆರೆದವರು. 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿಗೆ ಅಡ್ಡಲಾಗಿ ತೂಗುಸೇತುವೆ ಕಟ್ಟಿದರು. ಮುಂದೆ ಹಲವು ರಾಜ್ಯಗಳಲ್ಲಿ ಅಂಥ ಸೇತುವೆಗಳು ನೂರನ್ನು ದಾಟಿದವು. 2017ರಲ್ಲಿ ಪದ್ಮಶ್ರೀ ಬಂತು. ಅವರ ಸಂಸ್ಥೆಯ ಹೆಸರು 'ಅಯಸ್ ಶಿಲ್ಪ'. ಅಯಸ್ಸೆಂದರೆ ಸಂಸ್ಕೃತದಲ್ಲಿ ಕಬ್ಬಿಣ. ಮಗನೂ ಅದೇ ಕೆಲಸಕ್ಕೆ ಬಂದರು. ತಂದೆ ಬಿಗಿದ ಹಗ್ಗದ ಮೇಲೆ ಶಾಲೆಯ ಮಕ್ಕಳು ನಡೆಯುತ್ತಿರುವಾಗ, ಆ ಹಗ್ಗ ಅಪ್ಪನದು, ನನ್ನದಲ್ಲ ಎಂದು ಮಗನಾದವನು ಹೇಳಬಲ್ಲನೇ? 2025ರ ಜುಲೈಯಲ್ಲಿ ತೆರೆದ ನಮ್ಮ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಗಾದರೆ ಸರಕಾರದಲ್ಲಿ ಕಡತವಿದೆ, ಇಲಾಖೆಯಿದೆ. ಅಂಗಳದ ಚಪ್ಪರಕ್ಕೆ ಇರುವುದು ಮನುಷ್ಯರ ನೆನಪು ಮಾತ್ರ.

ಇಲ್ಲಿ ಒಂದು ತೊಡಕಿದೆ. ಆ ಮನೆಯಲ್ಲಿ ತಾಯಿಯಿದ್ದಾರೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಆಸ್ತಿ ಇನ್ನೂ ಪಾಲಾಗಿಲ್ಲ. (ನಮ್ಮಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟು ವರ್ಷ 'ಇನ್ನೂ ಆಗಿಲ್ಲ' ಎಂದೇ ಉಳಿಯುತ್ತದೆ ಎಂಬುದನ್ನು ಬೇರೆಯೇ ಬರೆಯಬೇಕು.) ದುರಸ್ತಿಯ ಖರ್ಚನ್ನು ಆಸ್ತಿಯಿಂದ ತೆಗೆದರೆ ಅವರ ಪಾಲೂ ಕರಗುತ್ತದೆ. ಸಾಲವೆಂದ ಮೇಲೆ ಅದು ನ್ಯಾಯವೇ. ಆದರೆ ವರ್ಕ್‌ಶಾಪಿನ ಬೋರ್ಡಿನಲ್ಲಿ ತಂದೆಯ ಹೆಸರಿನ ಮುಂದೆ 'ಅಂಡ್ ಸನ್ಸ್' ಎಂದಿದೆ. ಆ ಹೆಸರನ್ನು ನೋಡಿ ಬರುವ ಗಿರಾಕಿಯ ಲಾಭ ಗಂಡುಮಕ್ಕಳಿಗೆ. ಆ ಹೆಸರಿನ ಮೇಲಿರುವ ಬಾಕಿಯನ್ನು ಮಾತ್ರ ಅಕ್ಕತಂಗಿಯರೂ ಹಂಚಿಕೊಳ್ಳಬೇಕೇ? "ಬೋರ್ಡು ಇಳಿಸಿದರೆ ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಬೋರ್ಡು ಇರುವವರೆಗೆ ನಿಮ್ಮಿಬ್ಬರ ಕೈಯಿಂದಲೇ ಕೊಡಿ" ಎಂದೆ.

ದಾವೂದರಿಗೆ(ಅ) ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ವಿಷಯ ಸೂರಃ ಸಬಾದಲ್ಲಿದೆ. ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಬೇಕೆಂಬ ಆಜ್ಞೆಯೂ ಅಲ್ಲಿಯೇ ಇದೆ. ಪಾಲುದಾರರು ಪರಸ್ಪರ ಅನ್ಯಾಯ ಮಾಡುವ ಕುರಿತು ಸೂರಃ ಸ್ವಾದ್‌ನಲ್ಲಿ ಬರುವ ಮಾತೂ ಅದೇ ದಾವೂದರದು(ಅ). ಕಬ್ಬಿಣದ ಕೆಲಸ ಬಲ್ಲವರ ಮುಂದೆಯೇ ಆ ವ್ಯಾಜ್ಯ ಬಂತಲ್ಲ ಎಂದು ನಾನು ಆಗಾಗ ಯೋಚಿಸುವುದುಂಟು.

ಅಣ್ಣ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಜನರೇಟರನ್ನು ಗಾಡಿಗೆ ಹಾಕಿಕೊಂಡು ಅವನೇ ಮೊದಲು ಹೊರಟ. ಕುಸಿದ ಮೂಲೆಯನ್ನು ಸರಿಮಾಡಿದ ಮೇಲೆ ಉಳಿದ ಜೋಡಣೆಗಳ ಬಣ್ಣವನ್ನೂ ಕೆರೆದು ನೋಡಿದರು. ಇನ್ನೂ ಎರಡು ಹಾಗೆಯೇ ಇದ್ದವು. ಆ ವರ್ಷದ ಮಳೆಗಾಲದಲ್ಲಿ ತಂದೆ ಮಾಡಿದ ಕೆಲಸಗಳನ್ನು ಹಳೆಯ ನೋಟುಬುಕ್ಕಿನಿಂದ ಹುಡುಕಿ ತೆಗೆದಿದ್ದಾರೆ. ಒಟ್ಟು ಹನ್ನೊಂದು. ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಕಡೆ ಹೋಗಿ ಬಂದಿದ್ದಾರೆ.