ರಥದ ನಾಯಿ, ಕಾರಿನ ನಾಯಿ

ಬೆಂಗಳೂರಿನ ಪೀಣ್ಯದ ಕಾರ್ಖಾನೆ ಬೀದಿಗಳಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳು ಹುಡುಕುವುದೇ ಒಂದು ಕೆಲಸ. ತಗಡಿನ ಶೆಡ್ಡು, ಕಾಂಕ್ರೀಟು, ಸಾಲಾಗಿ ನಿಂತ ಲಾರಿಗಳು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಅಂಥ ದಿನ ‘ಐದೇ ನಿಮಿಷ’ ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋದವನು ಪಾಪಿಯೋ, ಬರೀ ಮರೆಗುಳಿಯೋ?

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲೂ ಒಂದು ವಾಹನ, ಒಂದು ನಾಯಿ. ಇಂದ್ರ ರಥ ತಂದು ನಿಲ್ಲಿಸಿದರೆ, ನಂಬಿ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ ಧರ್ಮರಾಯ. ಅಲ್ಲಿನ ಪ್ರಶ್ನೆ ಹತ್ತಿಸಿಕೊಳ್ಳುವುದರದು. ಇಲ್ಲಿನದು ಹತ್ತಿಸಿಕೊಂಡ ಮೇಲಿನದು.

ಜೈನರ ಉತ್ತರ ಇನ್ನೂ ಹರಿತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ದ್ವೇಷವಿರಲಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಎಚ್ಚರಕ್ಕೆ ಬೇಕಾದ ತಿಳಿವಳಿಕೆಗೂ ಬರವಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು: ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರೇ ಅದರ ಫ್ಯಾನು. ಸುತ್ತಲ ಗಾಳಿಯೇ ಕಾದರೆ ಆ ಫ್ಯಾನು ಸೋಲುತ್ತದೆ. ಮೈಬಿಸಿ 41 ಡಿಗ್ರಿ ದಾಟಿದರೆ ಪ್ರಾಣಕ್ಕೇ ಕುತ್ತು.

ಇನ್ನು ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಪೀಣ್ಯದ ಹೋಟೆಲಿನಲ್ಲಿ ಒಂದು ಊಟಕ್ಕೂ ಅದು ಸಾಲದು.