ತೋರಿಸಿದ್ದರ ಋಣ

"ನೋಡೋಕೇನು ಕಾಸಾ ಅಕ್ಕ, ಒಳಗೆ ಬನ್ನಿ."

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಯಾವ ಪೇಟೆಯಲ್ಲೇ ಆಗಲಿ ಬಟ್ಟೆ ಅಂಗಡಿಯ ಮುಂದೆ ಅರೆಗಳಿಗೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಕನ್ನಡದಲ್ಲಲ್ಲದಿದ್ದರೆ ತೆಲುಗಿನಲ್ಲಿ. ಚಿಕ್ಕಂದಿನಿಂದ ಕೇಳಿ ಕೇಳಿ ಅದನ್ನು ಸತ್ಯವೆಂದೇ ನಂಬಿಕೊಂಡಿದ್ದೆ. ಕೊಂಡರೆ ಕಾಸು, ನೋಡಿದರೆ ಇಲ್ಲ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ನಡೆದ ಒಂದು ಸಣ್ಣ ಸಂಗತಿ ಆ ನಂಬಿಕೆಯನ್ನು ಅಲುಗಾಡಿಸಿತು.

ಅಕ್ಕನ ಮಗಳ ಜೊತೆ ಶಿಡ್ಲಘಟ್ಟದ ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಅಪ್ಪ ಮಗ ಇಬ್ಬರೇ ನಡೆಸುವ ಅಂಗಡಿ. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಹಾಸಿನ ಮೇಲೆ ಕೂತು, ಒಂದೂವರೆ ಗಂಟೆ ನೋಡಿದೆವು. ಅವರು ನಲವತ್ತು ಸೀರೆಯಾದರೂ ಬಿಚ್ಚಿರಬೇಕು. ಸೆರಗು ಹರಡಿ ತೋರಿಸಿದರು. ಈ ಬಣ್ಣ ನಿಮ್ಮ ಹುಡುಗಿಗೆ ಮಂಕು, ಈ ಅಂಚು ಒಗೆದರೆ ಮುದುಡುತ್ತದೆ, ಇದನ್ನು ಧೈರ್ಯವಾಗಿ ತಗೊಳ್ಳಿ ಎಂದರು. ಕೊನೆಗೆ ಒಂದು ಇಷ್ಟವಾಯಿತು. "ಅಮ್ಮನಿಗೆ ತೋರಿಸ್ತೀನಿ" ಅಂತ ಹುಡುಗಿ ಫೋಟೊ ತೆಗೆದುಕೊಂಡಳು. ಬಸ್ಸಿನಲ್ಲಿ ಕೂತು ಆ ಫೋಟೊವನ್ನೇ ಫೋನಿಗೆ ಹಾಕಿ ಹುಡುಕಿದಳು. ಅದೇ ಸೀರೆ, ಮುನ್ನೂರು ರೂಪಾಯಿ ಕಮ್ಮಿ. ನಾನೇ "ತಗೋ" ಅಂದೆ.

ನಾಲ್ಕು ದಿನಕ್ಕೆ ಸೀರೆ ಬಂತು. ಫಾಲ್ ಹಾಕಿಸಬೇಕು, ರವಿಕೆಗೆ ಹೊಂದುವ ಬಟ್ಟೆ ಬೇಕು. ಅದಕ್ಕೆ ಮತ್ತೆ ಅದೇ ಬೀದಿಗೆ ಹೋಗಬೇಕಾಯಿತು, ಅಭ್ಯಾಸಬಲದಿಂದ ಅದೇ ಅಂಗಡಿಗೆ. ಚೀಲದಿಂದ ಸೀರೆ ತೆಗೆದಾಗ ಆ ಹಿರಿಯರು ಅದನ್ನು ಗುರುತಿಸಿದರು. ಒಂದು ಕ್ಷಣ ಬೆರಳಲ್ಲಿ ಅಂಚನ್ನು ಮುಟ್ಟಿದರು. ಆಮೇಲೆ ಕೇಳಿದ್ದು ಇಷ್ಟೇ: "ಫಾಲ್‌ಗೆ ಕಾಟನ್ ಹಾಕ್ಲಾ ಅಕ್ಕ?"

ಅವರು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಬೈಯದೆ ಇದ್ದದ್ದಕ್ಕೆ ಯೋಚಿಸಬೇಕಾಯಿತು.

ನಾನು ಮಾಡಿದ್ದು ತಪ್ಪೇ? ತಪ್ಪಲ್ಲ ಎನ್ನಲು ಕಾರಣಗಳು ಬೇಕಾದಷ್ಟಿವೆ. ನೋಡಲು ಕಾಸಿಲ್ಲ ಎಂದವರು ಅವರೇ. ನಾನು ಕೊಳ್ಳುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಮುನ್ನೂರು ರೂಪಾಯಿ ನಮ್ಮಂಥ ಮನೆಗೆ ಸಣ್ಣ ಮೊತ್ತವಲ್ಲ. ನೋಡಿ, ತೂಗಿ, ಕಮ್ಮಿ ಬೆಲೆಗೆ ಕೊಳ್ಳುವುದೇ ಪೇಟೆಯ ಧರ್ಮವಲ್ಲವೆ?

ಆ ಧರ್ಮ ಹೇಗಿರುತ್ತದೆಂದು ನೋಡಲು ಶಿಡ್ಲಘಟ್ಟದಲ್ಲಿ ದೂರ ಹೋಗಬೇಕಿಲ್ಲ. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ರೈತ ತಂದ ಗೂಡನ್ನು ರೀಲರುಗಳು ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಬಣ್ಣ, ಗಟ್ಟಿತನ ನೋಡುತ್ತಾರೆ. ಹತ್ತಾರು ಜನ ನೋಡಿದ ಗೂಡನ್ನು ಕೊಳ್ಳುವವನು ಒಬ್ಬ. ಈಗ ಇ-ಹರಾಜು ಬಂದು ಮೊಬೈಲಿನಲ್ಲೇ ಬೆಲೆ ಕೂಗುತ್ತಾರೆ. ಬೆಲೆ ಒಪ್ಪದಿದ್ದರೆ ರೈತ ಬೇಡವೆನ್ನಬಹುದು. ನೋಡಿ ಬಿಟ್ಟವರನ್ನು ಯಾರೂ ಋಣಗೇಡಿ ಎನ್ನುವುದಿಲ್ಲ.

ಆದರೆ ಅಲ್ಲಿಗೂ ನನ್ನ ಬಸ್ಸಿಗೂ ಒಂದು ವ್ಯತ್ಯಾಸವಿದೆ. ಗೂಡಿನ ಮಾರುಕಟ್ಟೆಯಲ್ಲಿ ನೋಡಿ ಬಿಟ್ಟ ರೀಲರ್ ಆ ಗೂಡಿನಿಂದ ಏನನ್ನೂ ಒಯ್ಯುವುದಿಲ್ಲ. ನಾನು ಒಯ್ದೆ. ಯಾವ ಬಣ್ಣ ಹೊಂದುತ್ತದೆ, ಯಾವ ಅಂಚು ಬಾಳುತ್ತದೆ ಎಂಬ ತಿಳಿವಳಿಕೆಯನ್ನು ಒಯ್ದೆ. ನಲವತ್ತು ಸೀರೆ ನೋಡಿ ಒಂದನ್ನೂ ಕೊಳ್ಳದೆ ಎದ್ದಿದ್ದರೆ ಅದು ವ್ಯಾಪಾರದಲ್ಲಿ ಇದ್ದದ್ದೇ. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಅಂಗಡಿಯವರು "ಕಾಸಿಲ್ಲ" ಎನ್ನುತ್ತಾರೆ. ಅವರ ಶ್ರಮದಿಂದ ಆರಿಸಿ, ಆ ಶ್ರಮದ ಕೂಲಿಯನ್ನು ಇನ್ನೊಬ್ಬರಿಗೆ ಕೊಡುವುದು ಬೇರೆ.

ಆ ಅಂಗಡಿಯಲ್ಲಿ ಸ್ಥಳೀಯವಾದದ್ದು ಏನು ಎಂದು ಆಮೇಲೆ ಕೇಳಿಕೊಂಡೆ. ಸೀರೆಯಲ್ಲ. ಸುತ್ತಲೂ ರೇಷ್ಮೆ ನೂಲು ತೆಗೆಯುವ ಊರಾದರೂ ಅಲ್ಲಿನ ಸೀರೆಗಳಲ್ಲಿ ಬಹುಪಾಲು ಸೂರತ್ತಿನಿಂದ ಬಂದವು. ನಮ್ಮೂರ ನೂಲು ಬೇರೆ ಊರಿನ ಮಗ್ಗಕ್ಕೆ ಹೋಗುತ್ತದೆ, ಬೇರೆ ಊರಿನ ಪಾಲಿಯೆಸ್ಟರ್ ನಮ್ಮೂರ ಕಪಾಟಿಗೆ ಬರುತ್ತದೆ. ಆ ಅಂಗಡಿಯಲ್ಲಿ ನಮ್ಮೂರಿನದು ಎಂದು ಹೇಳಬಹುದಾದದ್ದು ತೋರಿಸುವ ಕೆಲಸ ಒಂದೇ. ಬಿಚ್ಚುವುದು, ಹರಡುವುದು, ಗಿರಾಕಿಯ ಮುಖ ನೋಡಿ ಮನಸ್ಸು ಊಹಿಸುವುದು, ಅವರು ಹೋದಮೇಲೆ ನಲವತ್ತನ್ನೂ ಮತ್ತೆ ಮಡಿಸುವುದು. ಬಿಲ್ಲಿನಲ್ಲಿ ಅದಕ್ಕೆ ಸಾಲಿಲ್ಲ. ಅದರ ಬೆಲೆ ಸೀರೆಯ ಬೆಲೆಯೊಳಗೆ ಅಡಗಿರುತ್ತದೆ. ಆ ಮುನ್ನೂರು ರೂಪಾಯಿ ಬಹುಶಃ ಅದೇ.

ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಒರೆಗಲ್ಲು ಕೊಡುತ್ತಾನೆ. ಇನ್ನೊಬ್ಬರ ಹಕ್ಕಿಗೆ ಸಂಬಂಧಿಸಿದ ಕೆಲಸವೊಂದನ್ನು ಅದರ ಉದ್ದೇಶ ಬಹಿರಂಗಪಡಿಸಿ ಮಾಡಲಾಗದಿದ್ದರೆ ಆ ಕೆಲಸ ನ್ಯಾಯದ್ದಲ್ಲ. ಅವನು ಹೇಳಿದ್ದು ರಾಜ್ಯಗಳ ವ್ಯವಹಾರಕ್ಕೆ. ಸೀರೆ ಅಂಗಡಿಗೂ ಸಾಕು. "ಅಣ್ಣ, ನೀವು ತೋರಿಸಿ, ನಾವು ಫೋನಲ್ಲಿ ಕೊಳ್ತೀವಿ" ಎಂದು ಹೇಳಿ ಹಾಸಿನ ಮೇಲೆ ಕೂರಲು ನನಗೆ ಆಗುತ್ತಿತ್ತೆ? ಆಗುತ್ತಿರಲಿಲ್ಲ. ಅದಕ್ಕೇ "ಅಮ್ಮನಿಗೆ ತೋರಿಸ್ತೀನಿ" ಎಂಬ ಸುಳ್ಳು ಬೇಕಾಯಿತು.

ಹಾಗಾದರೆ ಊರಿನ ಅಂಗಡಿಯಲ್ಲೇ ಕೊಳ್ಳಬೇಕೆಂಬುದು ಕರ್ತವ್ಯವೆ? ಹಾಗೆ ನಂಬಿದವರ ಪರಂಪರೆ ಈ ಜಿಲ್ಲೆಯಲ್ಲಿ ಗಟ್ಟಿಯಾಗಿದೆ. 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿಗೆ ಸ್ವದೇಶಿ ಎಂದರೆ ಹತ್ತಿರದ ನೆರೆಯವನಿಗೆ ಸಲ್ಲಿಸುವ ಸೇವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಖಾದಿ ಉಟ್ಟರು. ಅವರಿಗೆ ಬಟ್ಟೆ ಕೊಳ್ಳುವುದು ನೈತಿಕ ನಿರ್ಧಾರವೇ ಆಗಿತ್ತು. ಇದನ್ನು ಗೌರವಿಸುತ್ತೇನೆ. ಆದರೂ ಪೂರ್ತಿ ಒಪ್ಪಲು ನನ್ನ ಚಿಕ್ಕಮ್ಮನ ನೆನಪು ಬಿಡುವುದಿಲ್ಲ.

ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಯೋಗಿ ನಾರೇಯಣರು, ವಿರಕ್ತರಾಗುವ ಮೊದಲು ಬಳೆ ಮಾರುತ್ತಿದ್ದರು ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಮಲಾರ ಹೊತ್ತು ಊರೂರು ತಿರುಗುವ ಬಳೆಗಾರನನ್ನು ಹೆಂಗಸರು ತವರಿನವನಂತೆ ಕಾಯುತ್ತಿದ್ದ ಕಾಲವದು. ಕೈ ಹಿಡಿದು, ನೋಯದಂತೆ ಬಳೆ ಏರಿಸುತ್ತಿದ್ದವನು ಅವನು. ಆದರೆ ಯಾವ ಮನೆಯ ಮುಂದೆ ಮಲಾರ ಇಳಿಸಬಾರದು ಎಂಬುದೂ ಬಳೆಗಾರರಿಗೆ ಗೊತ್ತಿರುತ್ತಿತ್ತು. ಗುರುತಿಸುವ ಪ್ರೀತಿಯಲ್ಲೇ ಗುರುತಿಸಿ ದಾಟಿಹೋಗುವ ಕ್ರೌರ್ಯವೂ ಇತ್ತು.

ನನ್ನ ಚಿಕ್ಕಮ್ಮನಿಗೆ ಗಂಡ ಸತ್ತಾಗ ಮೂವತ್ತೈದು ವರ್ಷ. ಪೇಟೆಯ ಬಳೆ ಅಂಗಡಿಗೆ ಹೋದರೆ ಅವರೇನೂ ಕೇಳುವ ಮೊದಲೇ ಅಂಗಡಿಯವರು ಸಾದಾ ಬಳೆಯ ಡಬ್ಬ ಮುಂದಿಡುತ್ತಿದ್ದರು. ಸೀರೆ ಅಂಗಡಿಯಲ್ಲಿ ಬೂದು, ತಿಳಿನೀಲಿ. ಯಾರೂ ಕೆಟ್ಟವರಲ್ಲ, ಅವರೆಲ್ಲ ಚಿಕ್ಕಮ್ಮನನ್ನು ಬಲ್ಲವರು, ಅಷ್ಟೇ. ಐವತ್ತು ದಾಟಿದ ಮೇಲೆ ಚಿಕ್ಕಮ್ಮ ಫೋನಿನಲ್ಲಿ ಕೆಂಪು ಕಲ್ಲಿನ ಬಳೆ ತರಿಸಿಕೊಂಡರು. "ಅದು ನನ್ನ ಕೈ ನೋಡಲ್ಲ ಕಣೆ" ಎಂದರು. ಕುರುಡಾದ ಪೇಟೆಯೊಂದು ಅವರಿಗೆ ಕೊಟ್ಟ ಬಿಡುಗಡೆಯನ್ನು ನಾನು ಸ್ಥಳೀಯತೆಯ ಹೆಸರಿನಲ್ಲಿ ಕಿತ್ತುಕೊಳ್ಳಲಾರೆ. ಗೆಳತಿಯೊಬ್ಬಳು ಜೀನ್ಸ್ ಕೊಂಡ ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರುತ್ತಿತ್ತು. ಜಾತಿ ಗೊತ್ತಾದ ಮೇಲೆ ದುಬಾರಿ ಸೀರೆಯನ್ನು ಬಿಚ್ಚಲು ಹಿಂಜರಿಯುವ ಕೈಗಳೂ ಇಲ್ಲದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗೆಗಿನ ಮೋಹವನ್ನು ಕಟುವಾಗಿ ಟೀಕಿಸಿದ್ದು ಸುಮ್ಮನೆ ಅಲ್ಲ.

ಹಾಗಾಗಿ ನನಗೆ ಹೊಳೆದ ಉತ್ತರ ದೊಡ್ಡದಲ್ಲ. ಊರಿನ ಅಂಗಡಿಯಲ್ಲೇ ಕೊಳ್ಳಬೇಕೆಂಬ ಋಣ ನನ್ನ ಮೇಲಿಲ್ಲ. ಯಾರ ಶ್ರಮವನ್ನು ಬಳಸಿದೆನೋ ಅವರಿಗೆ ಅದರ ಪಾಲು ಸಲ್ಲಿಸಬೇಕು ಎಂಬ ಋಣ ಇದೆ. ಸಲ್ಲಿಸಲು ಮನಸ್ಸಿಲ್ಲದಿದ್ದರೆ ಬಳಸಬಾರದು. ಚಿಕ್ಕಮ್ಮ ಯಾರ ಒಂದೂವರೆ ಗಂಟೆಯನ್ನೂ ತಿಂದಿರಲಿಲ್ಲ. ನಾನು ತಿಂದಿದ್ದೆ. ತೋರಿಸುವವರಿಗೂ ಒಂದು ಋಣವಿದೆ. "ನೋಡೋಕೇನು ಕಾಸಾ" ಎಂದು ಕರೆದ ಮೇಲೆ ಬಂದವರ ಹಣೆ, ಕೈ, ಜಾತಿ ನೋಡದೆ, ಕೆಂಪನ್ನೂ ಬೂದಿಯನ್ನೂ ಒಂದೇ ಹಾಸಿನ ಮೇಲೆ ಹರಡಬೇಕು.

ಈ ವರ್ಷ ಹಬ್ಬದ ಮುಂಚೆ ಮತ್ತೆ ಅದೇ ಅಂಗಡಿಗೆ ಹೋದೆವು. ಕೂರುವ ಮೊದಲೇ ಹುಡುಗಿ ಹೇಳಿಬಿಟ್ಟಳು: "ಅಣ್ಣ, ಫೋನಲ್ಲಿ ಕಮ್ಮಿಗೆ ಸಿಕ್ರೆ ಅಲ್ಲೇ ತಗೊಳ್ಳೋ ಅಭ್ಯಾಸ ನಮಗೆ. ಬೆಲೆ ಮೊದಲೇ ಮಾತಾಡಿಬಿಡೋಣ." ಹಿರಿಯರು ನಕ್ಕರು. ಅವಳ ಫೋನ್ ಇಸಿದುಕೊಂಡು ಬೆಲೆ ನೋಡಿದರು. "ನೂರು ಬಿಡ್ತೀನಮ್ಮ. ಅದಕ್ಕಿಂತ ಇಳಿದ್ರೆ ನನಗೆ ಗಿಟ್ಟಲ್ಲ." ನಾವು ಎದ್ದು ಹೋಗಬಹುದಿತ್ತು, ಅವರು ತೋರಿಸದೆ ಇರಬಹುದಿತ್ತು. ಎರಡೂ ಬದಿಗೆ ಎಲ್ಲ ಗೊತ್ತಿತ್ತು.

"ಕೂತ್ಕೊಳ್ಳಿ, ಮಳೆ ಬೇರೆ ಬರ್ತಿದೆ" ಎಂದು ಅವರು ಮೊದಲ ಸೀರೆ ಬಿಚ್ಚಿದರು.